ಎರಡು ಚಿತ್ರಗಳ ನಡುವಿನ ಗಮಕ

ಗೋಡೆಯ ಮೇಲೆ ಟಾಮ್ ಬರುತ್ತಾನೆ. ಕರಿ ಕೋಟು, ಬಿಳಿ ಅಂಗಿ, ಅರೆಮುಚ್ಚಿದ ಕಣ್ಣು, ದೊಡ್ಡ ವಿದ್ವಾಂಸನ ಬಿಗುಮಾನ. ಸಭೆಗೆ ಬಾಗಿ ಪಿಯಾನೋ ಮುಂದೆ ಕೂರುತ್ತಾನೆ. ಇನ್ನೂ ಒಂದು ಸ್ವರವೂ ಹೊರಟಿಲ್ಲ, ಚಾಪೆ ಮೇಲಿನ ಮಕ್ಕಳು ಆಗಲೇ ಒಬ್ಬರನ್ನೊಬ್ಬರು ತಿವಿಯುತ್ತಿದ್ದಾರೆ.

"ನಗೋದು ಆಮೇಲೆ. ಮೊದಲು ಕೇಳಿಸ್ಕೊಳ್ರೋ," ಎಂದು ಮೇಷ್ಟ್ರು ಹಿಂದಿನಿಂದ ಗದರುತ್ತಾರೆ.

ಬಸವೇಶ್ವರನಗರ, ಹಾವನೂರು ಸರ್ಕಲ್‌ನಿಂದ ಒಳಗೆ ಬಂದರೆ ಸಿಗುವ ಒಂದು ಅಡ್ಡರಸ್ತೆ, ಮೃದಂಗದ ಮೇಷ್ಟ್ರ ಮನೆಯ ಮಹಡಿ. ಶನಿವಾರದ ಪಾಠ ಈಗಷ್ಟೇ ಮುಗಿದಿದೆ. ಮೃದಂಗಗಳು ಗವಸು ತೊಟ್ಟು ಗೋಡೆಗೆ ಒರಗಿವೆ. ಎಡಮುಖಕ್ಕೆ ಹಚ್ಚಿ ಕೆರೆದು ತೆಗೆದ ಹಸಿ ರವೆಯ ವಾಸನೆ ಕೋಣೆಯಲ್ಲಿ ಇನ್ನೂ ಇದೆ. ಕಿಟಕಿಗೆ ಹೊದಿಕೆ ಕಟ್ಟಿ ಕತ್ತಲು ಮಾಡಿದ್ದಾರೆ. ಪ್ರೊಜೆಕ್ಟರ್ ತಂದವಳು ಮೇಷ್ಟ್ರ ಹಳೆಯ ಶಿಷ್ಯೆ. ಮನೆ ಕೆಂಗೇರಿಯಲ್ಲಿ, ಕೆಲಸ ಊರಿನ ಆ ತುದಿಯ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ. ದಿನಾ ನೇರಳೆ ಮೆಟ್ರೋದಲ್ಲಿ ಊರನ್ನು ಅಡ್ಡ ದಾಟಿ ವೈಟ್‌ಫೀಲ್ಡ್ ಕಡೆ ಹೋಗಿಬರುವವಳು ಇವತ್ತು ವಿಜಯನಗರದಲ್ಲೇ ಇಳಿದು, ಪ್ರೊಜೆಕ್ಟರ್ ಚೀಲವನ್ನು ಎದೆಗೆ ಅವುಚಿಕೊಂಡು ಆಟೋದಲ್ಲಿ ಬಂದಿದ್ದಾಳೆ. ಮಕ್ಕಳ ಪಾಲಿಗೆ ಅವಳು ಅಕ್ಕ.

ಟಾಮ್ ಬೆರಳೂರುತ್ತಾನೆ. ಭಾರವಾದ, ತಗ್ಗಿನ ಸ್ವರಗಳು. ಅವನ ಕೈ ಎಡಕ್ಕೆ ಸರಿದಾಗ ಸದ್ದು ಮಂದ್ರಕ್ಕೆ ಇಳಿಯುತ್ತದೆ, ಬಲತುದಿಗೆ ಹೋದಾಗ ತಾರಕ್ಕೆ ಏರುತ್ತದೆ. ಪಿಯಾನೋ ಒಳಗೆ, ತಂತಿ ಬಡಿಯುವ ಸುತ್ತಿಗೆಗಳ ಮೇಲೆ ಮಲಗಿದ್ದ ಜೆರ್ರಿ ಒಂದೊಂದು ಸ್ವರಕ್ಕೂ ಮೇಲೆ ಹಾರಿ ಬೀಳುತ್ತಾನೆ. ಅಲ್ಲಿಗೆ ಯುದ್ಧ ಶುರು. ಜೆರ್ರಿ ಕತ್ತರಿ ಹಿಡಿದು ಟಾಮ್‌ನ ಬೆರಳಿಗೆ ಕಾಯುತ್ತಾನೆ, ಒಂದು ಕೀಲಿಯ ಜಾಗದಲ್ಲಿ ಇಲಿಬೋನು ಇಡುತ್ತಾನೆ. ಟಾಮ್ ಮಾತ್ರ ನುಡಿಸುವುದನ್ನು ನಿಲ್ಲಿಸುವುದಿಲ್ಲ. ಕೈಗೆ ಬಿಡುವಿಲ್ಲದಾಗ ಕಾಲಲ್ಲಿ ನುಡಿಸುತ್ತಾನೆ. ಕಛೇರಿ ನಡೆಯಲೇಬೇಕು.

'ದಿ ಕ್ಯಾಟ್ ಕನ್ಸರ್ಟೊ' 1947ರ ಚಿತ್ರ. ನಿರ್ದೇಶನ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ, ಸಂಗೀತ ಹೊಂದಿಸಿದವರು ಸ್ಕಾಟ್ ಬ್ರ್ಯಾಡ್ಲಿ. ಟಾಮ್ ನುಡಿಸುವುದು ಫ್ರಾನ್ಜ್ ಲಿಸ್ಟ್ ರಚಿಸಿದ ಎರಡನೇ ಹಂಗೇರಿಯನ್ ರಾಪ್ಸಡಿ. ಏಳೆಂಟು ನಿಮಿಷ, ಒಂದೇ ಒಂದು ಮಾತಿಲ್ಲ. ಆಸ್ಕರ್ ಗೆದ್ದ ಚಿತ್ರ. ಲಿಸ್ಟ್ ಕೃತಿಯಲ್ಲಿ ಎರಡು ಭಾಗವಿದೆ: ಮೊದಲು ನಿಧಾನದ್ದು, ಆಮೇಲೆ ಓಟದ್ದು. ವಿಳಂಬ, ದ್ರುತ ಎಂದು ಯಾರೂ ಹೇಳಿಕೊಡಲಿಲ್ಲ. ಓಟ ಶುರುವಾದದ್ದೇ ಮಕ್ಕಳು ಮಂಡಿಯ ಮೇಲೆ ಎದ್ದು ಕೂತರು.

ಕೊನೆಗೆ ಬೆಳಕೆಲ್ಲ ಜೆರ್ರಿ ಮೇಲೆ, ಟಾಮ್ ಸುಸ್ತಾಗಿ ಕುಸಿದಿದ್ದಾನೆ. ಕೋಣೆಯಲ್ಲಿ ಕೇಕೆ. ಆಗ ಮೇಷ್ಟ್ರು ಎದ್ದು ಬಂದು ಒಂದು ಕೆಲಸ ಮಾಡುತ್ತಾರೆ. "ಮತ್ತೆ ಮೊದಲಿಂದ ಹಾಕಮ್ಮಾ," ಎಂದು ಪಾಠದ ನೋಟ್‌ಬುಕ್ಕನ್ನು ಪ್ರೊಜೆಕ್ಟರ್ ಕಣ್ಣಿಗೆ ಅಡ್ಡ ಹಿಡಿಯುತ್ತಾರೆ. ಗೋಡೆ ಕಪ್ಪಾಗುತ್ತದೆ, ಸಂಗೀತ ಮಾತ್ರ ಹರಿಯುತ್ತಿದೆ. "ಸಾರ್, ಪ್ಲೀಸ್ ಸಾರ್" ಎಂಬ ಗೋಗರೆತ ಒಂದು ನಿಮಿಷಕ್ಕೆ ತಣ್ಣಗಾಗುತ್ತದೆ. ನಂತರ ಕತ್ತಲಲ್ಲಿ ಒಬ್ಬಳು ನಗುತ್ತಾಳೆ. "ಈಗ ಕತ್ತರಿ!" ಸ್ವಲ್ಪ ಹೊತ್ತಿಗೆ ಎಲ್ಲರೂ ಒಟ್ಟಿಗೆ: "ಬೋನು!" ಕಾಣದ ಇಲಿಬೋನು ಬೀಳುವ ಮಾತ್ರೆಗೆ ಸರಿಯಾಗಿ ಇಡೀ ಚಾಪೆ ಅಲುಗುತ್ತದೆ.

ಇಂಥ ಚಿತ್ರಗಳನ್ನು ನೋಡಬೇಕಾದ ರೀತಿ ಇದು ಎಂದು ನನಗೆ ಖಾತ್ರಿಯಾದದ್ದು ಆ ಕತ್ತಲಲ್ಲೇ. ಒಮ್ಮೆ ಕಣ್ಣಿಗೆ, ಇನ್ನೊಮ್ಮೆ ಬರೀ ಕಿವಿಗೆ. ಪಿಯಾನೋ ಎಂದರೆ ದೂರದ ಗದ್ದಲ ಅಷ್ಟೇ ಆಗಿದ್ದ ಈ ಮಕ್ಕಳಿಗೆ ಈಗ ಅದರೊಳಗೆ ದಾರಿ ಗೊತ್ತು, ತಿರುವು ಗೊತ್ತು. ಸಂಗೀತದ ರುಚಿ ಹತ್ತಿಸುತ್ತೇವೆಂದು ನಾವು ಕೊಡುವ ಭಾಷಣಗಳಿಗೆಲ್ಲ ಸೇರಿ ಇಷ್ಟು ಶಕ್ತಿಯಿಲ್ಲ.

ಮಗಳನ್ನು ಕರೆದೊಯ್ಯಲು ಬಂದ ಅಪ್ಪ ಬಾಗಿಲಲ್ಲೇ ನಿಂತಿದ್ದಾರೆ. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನಿಂದ ನೇರ ಬಂದವರು, ತೋಳಿನ ಮೇಲೆ ಎಣ್ಣೆಯ ಗುರುತು. "ಒಳಗ್ ಬನ್ನಿ, ಕೂತ್ಕೊಳ್ಳಿ," ಅಂದರೆ "ಪರವಾಗಿಲ್ಲ ಸಾರ್, ಚಾಪೆ ಕೊಳೆ ಆಗುತ್ತೆ," ಅನ್ನುತ್ತಾರೆ. ಹೊರಡುವ ಮನಸ್ಸು ಮಾತ್ರ ಅವರಿಗೂ ಇಲ್ಲ.

ಮುಂದಿನದು ಮಿಕ್ಕಿ. 1940ರ 'ಫ್ಯಾಂಟೇಸಿಯಾ'ದಲ್ಲಿ ಬರುವ ಮಾಂತ್ರಿಕನ ಶಿಷ್ಯನ ಕಥೆ. ಗುರು ಮಲಗಲು ಹೋದಾಗ ಶಿಷ್ಯ ಅವನ ಟೊಪ್ಪಿಗೆ ಹಾಕಿಕೊಂಡು ಪೊರಕೆಗೆ ಜೀವ ಬರಿಸಿ ನೀರು ಹೊರಿಸುತ್ತಾನೆ. ನಿಲ್ಲಿಸುವ ಮಂತ್ರ ಗೊತ್ತಿಲ್ಲ. ಗಯಟೆ ಇದನ್ನು ಕವನವಾಗಿ ಬರೆದದ್ದು 1797ರಲ್ಲಿ, ಪೌಲ್ ದ್ಯುಕಾ ಇದನ್ನೇ ವಾದ್ಯವೃಂದಕ್ಕೆ ರಚಿಸಿದ್ದು ಸರಿಯಾಗಿ ನೂರು ವರ್ಷದ ನಂತರ, 1897ರಲ್ಲಿ.

ಪೊರಕೆ ಎರಡು ಬಕೆಟ್ ಹಿಡಿದು ಹೊರಡುತ್ತದೆ. ಬಸೂನ್ ಎಂಬ ಉದ್ದ ಕೊಳವೆಯ ವಾದ್ಯ ತಗ್ಗಿನ ದನಿಯಲ್ಲಿ ಕುಪ್ಪಳಿಸುತ್ತದೆ. ಮಕ್ಕಳ ಕೈ ಅಭ್ಯಾಸಬಲದಿಂದ ಆದಿತಾಳ ಹಾಕಲು ಹೋಗಿ ಎಡವುತ್ತದೆ.

"ಕೂರ್ತಿಲ್ಲ ಸಾರ್."

"ಕೂರಲ್ಲ. ಮೂರ್ ಮೂರು ಎಣಿಸು. ತಕಿಟ ತಕಿಟ ತಕಿಟ."

ಎಣಿಸುತ್ತಾರೆ. ಈಗ ಪೊರಕೆಯ ಹೆಜ್ಜೆಯೂ ಅವರ ಬೆರಳೂ ಒಂದೇ ಕಡೆ ಬೀಳುತ್ತವೆ. ನೀರು ಮೆಟ್ಟಿಲು ಹತ್ತುತ್ತಿದೆ, ತುತ್ತೂರಿಗಳು ಸೇರಿಕೊಂಡಿವೆ, ಮಿಕ್ಕಿ ಕೊಡಲಿ ಎತ್ತುತ್ತಾನೆ. ಗೋಡೆಯ ಮೇಲೆ ಅವನ ನೆರಳು ಪೊರಕೆಯನ್ನು ಚೂರು ಚೂರು ಮಾಡುತ್ತದೆ. ಆಮೇಲೆ ಎಲ್ಲವೂ ನಿಂತುಹೋಗುತ್ತದೆ. ಚಿತ್ರ ನಿಂತಿದೆ, ವಾದ್ಯ ನಿಂತಿದೆ. ಒಬ್ಬ ಹುಡುಗ ಮಾತ್ರ ಉಸಿರು ಹಿಡಿದು ಬೆರಳು ಮಡಿಸುತ್ತಲೇ ಇದ್ದಾನೆ. ಬಸೂನಿಗಿಂತ ತಗ್ಗಿನ ಕಾಂಟ್ರಾಬಸೂನ್ ಕೆಳಗೆಲ್ಲೋ ಒಮ್ಮೆ ಗೊರಕ್ಕೆನ್ನುತ್ತದೆ. ಒಂದು ಚೂರು ಮಿಸುಕುತ್ತದೆ. ಇನ್ನೊಮ್ಮೆ. ಇನ್ನೊಂದು ಚೂರು. ಪ್ರತಿ ಚೂರೂ ಕೈಕಾಲು ಬಂದ ಪೊರಕೆಯಾಗಿ, ಎರಡೆರಡು ಬಕೆಟ್ ಹಿಡಿದು ಸಾಲುಗಟ್ಟುತ್ತದೆ.

"ನೋಡಿದ್ರಾ?" ಮೇಷ್ಟ್ರ ದನಿ ಏರಿದೆ. "ಎಷ್ಟು ದಿನದಿಂದ ಬಡ್ಕೋತಿದೀನಿ, ಕಾರ್ವೆಗೂ ಲೆಕ್ಕ ಇದೆ, ಅಲ್ಲಿ ಸುಮ್ನೆ ಕೂತಿರೋದಲ್ಲ ಅಂತ. ಆ ಮೌನದಲ್ಲಿ ಏನೇನ್ ನಡೀತು?"

"ಚೂರೆಲ್ಲ ಯೋಚ್ನೆ ಮಾಡ್ತಿತ್ತು ಸಾರ್," ಅನ್ನುತ್ತಾನೆ ಬೆರಳು ಮಡಿಸುತ್ತಿದ್ದವನು.

ಫ್ಯಾಂಟೇಸಿಯಾದ ಉಳಿದ ಸಂಗೀತವನ್ನು ಲಿಯೋಪೋಲ್ಡ್ ಸ್ಟೊಕೋವ್‌ಸ್ಕಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದೊಂದಿಗೆ ಧ್ವನಿಮುದ್ರಿಸಲು ಕೂತದ್ದು 1939ರ ಏಪ್ರಿಲ್‌ನಲ್ಲಿ. ಅದೇ ವರ್ಷ ನಮ್ಮ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮೋತ್ಸವ ಮೊದಲಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡನ್ನೂ ಒಟ್ಟಿಗೆ ನೆನೆಯುವುದು ನನಗೆ ಇಷ್ಟ. ಅಲ್ಲಿ ಸಭಾಂಗಣದ ಸಂಗೀತವನ್ನು ಸಿನಿಮಾ ನೋಡುವ ಸಾಮಾನ್ಯರಿಗೆ ಮುಟ್ಟಿಸುವ ಆಸೆ, ಇಲ್ಲಿ ಕಛೇರಿಯನ್ನು ಬೀದಿಯ ಚಪ್ಪರಕ್ಕೆ ತರುವ ಆಸೆ. ಫ್ಯಾಂಟೇಸಿಯಾ ಮಾಡಿದ ಡಿಸ್ನಿಯ ಆಸೆಗೆ ಮೊದಲು ಪೆಟ್ಟು ಬಿತ್ತು. ಸುತ್ತಲಿಂದ ಸದ್ದು ಬರುವಂತೆ ಥಿಯೇಟರುಗಳಲ್ಲಿ ವಿಶೇಷ ಸ್ಪೀಕರ್ ಕೂರಿಸಬೇಕಿತ್ತು, ಅದಕ್ಕೆ ವಿಪರೀತ ಖರ್ಚು, ಜೊತೆಗೆ ಯುದ್ಧದ ಕಾಲ. ಹಾಕಿದ ಹಣ ಮೊದಲ ಬಿಡುಗಡೆಯಲ್ಲಿ ಹುಟ್ಟಲಿಲ್ಲ.

ಮೇಷ್ಟ್ರ ತಾಯಿ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದವರು ಮಿಕ್ಕಿಯನ್ನು ನೋಡುತ್ತ ನಿಂತುಬಿಟ್ಟಿದ್ದಾರೆ. ಹುಟ್ಟಿ ಬೆಳೆದದ್ದು ಮೈಸೂರು. "ಇದೇನು ಹೊಸದಲ್ಲ ಕಣೋ," ಅನ್ನುತ್ತಾರೆ ಮಗನಿಗೆ. "ನಮ್ಮ ಕಾಲ್ದಲ್ಲಿ ಅರಮನೆ ಬ್ಯಾಂಡು ಕೇಳಿಲ್ವೆ ನಾವು?"

ಅಜ್ಜಿಯ ಮಾತಿನಲ್ಲಿ ಸತ್ಯವಿದೆ. ಮೈಸೂರಿನ ಅರಸರಾಗಿದ್ದ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ 90ಕ್ಕೂ ಹೆಚ್ಚು ಕೃತಿ ರಚಿಸಿದವರು. ಪಿಯಾನೋ ಕಲಿತು, ರಷ್ಯಾದ ನಿಕೊಲಾಯ್ ಮೆಟ್ನರ್ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ. 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಹಾಡಲ್ಪಟ್ಟಾಗ ಆ ಕಛೇರಿಯ ಬೆನ್ನಿಗೆ ನಿಂತದ್ದು ಮೈಸೂರಿನ ಹಣ. ಎರಡೂ ಸಂಗೀತಕ್ಕೆ ಕಿವಿ ತೆರೆದಿಟ್ಟ ಸೀಮೆ ಇದು. ಬಸವೇಶ್ವರನಗರದ ಮಹಡಿಯಲ್ಲಿ ದ್ಯುಕಾ ಕೇಳಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಕ್ಕ ಈಗ ಲ್ಯಾಪ್‌ಟಾಪಿನಲ್ಲಿ ಬೇರೊಂದು ಕಡತ ಹುಡುಕುತ್ತಿದ್ದಾಳೆ. ಮಧ್ಯೆ ಆಸ್ಕರ್ ಫಿಶಿಂಗರ್‌ನ 'ಮೋಷನ್ ಪೇಂಟಿಂಗ್ ನಂಬರ್ 1' ಸ್ವಲ್ಪ ಓಡಿಸುತ್ತಾಳೆ. ಫ್ಯಾಂಟೇಸಿಯಾದ ಬಾಖ್ ಭಾಗಕ್ಕೆ ದುಡಿದು, ತಾನು ಬರೆದದ್ದನ್ನು ಬದಲಿಸಿದರೆಂದು ಬಿಟ್ಟು ಹೊರಬಂದ ಕಲಾವಿದ ಆತ. 1947ರ ಈ ಚಿತ್ರದಲ್ಲಿ ಕಥೆಯಿಲ್ಲ, ಪಾತ್ರವಿಲ್ಲ. ಬಾಖ್‌ನ ಮೂರನೇ ಬ್ರಾಂಡೆನ್‌ಬರ್ಗ್ ಕನ್ಸರ್ಟೊ ನಡೆಯುತ್ತಿದ್ದಂತೆ ಪಾರದರ್ಶಕ ಹಲಗೆಯ ಮೇಲೆ ಎಣ್ಣೆಬಣ್ಣದ ಒಂದೊಂದೇ ಗೀಟು ಬೆಳೆಯುತ್ತ ಹೋಗುತ್ತದೆ. ಪ್ರತಿ ಗೀಟಿಗೂ ಒಂದು ಫ್ರೇಮ್. ಮಕ್ಕಳಿಗೆ ಬೇಸರ. ಅಜ್ಜಿ ಮಾತ್ರ ತಟ್ಟೆ ಕೆಳಗಿಟ್ಟು ಕೂರುತ್ತಾರೆ: "ಚುಕ್ಕಿ ಇಡದೆ ರಂಗೋಲಿ ಎಳೀತಾ ಇದಾನಲ್ಲ!" ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಆಮೇಲೆ ಬರುವುದು ಕಪ್ಪು-ಬಿಳುಪಿನ ಒಂದು ಕುರ್ಚಿ. 1957ರ 'ಎ ಚೇರಿ ಟೇಲ್', ಕೆನಡಾದ ನಾರ್ಮನ್ ಮೆಕ್‌ಲಾರನ್ ಮತ್ತು ಕ್ಲೋಡ್ ಜ್ಯೂತ್ರಾ ಮಾಡಿದ್ದು. ಬರೆದ ಚಿತ್ರಗಳಲ್ಲ, ನಿಜವಾದ ಕುರ್ಚಿ, ನಿಜವಾದ ಮನುಷ್ಯ. ಪುಸ್ತಕ ಹಿಡಿದು ಕೂರಲು ಬಂದರೆ ಕುರ್ಚಿ ಒಲ್ಲೆನೆಂದು ಪಕ್ಕಕ್ಕೆ ಸರಿಯುತ್ತದೆ. ಮೊದಲ ತಂತಿ ಮಿಡಿದದ್ದೇ ಮೇಷ್ಟ್ರ ಬೆನ್ನು ನೆಟ್ಟಗಾಗುತ್ತದೆ.

"ಸಿತಾರು! ಯಾರಮ್ಮಾ ಇದು?"

"ರವಿಶಂಕರ್, ಸರ್. ತಬಲಾ ಚತುರ್ ಲಾಲ್."

ಮುಂದಿನ ಹತ್ತು ನಿಮಿಷ ಮೇಷ್ಟ್ರು ನಮ್ಮ ಜೊತೆ ಇಲ್ಲ. ಮನುಷ್ಯ ಓಡಿಸುತ್ತಾನೆ, ಕುರ್ಚಿ ಓಡುತ್ತದೆ, ತಬಲಾ ಇಬ್ಬರನ್ನೂ ಅಟ್ಟುತ್ತದೆ. ಬೇಡುತ್ತಾನೆ, ಕುಣಿದು ತೋರಿಸುತ್ತಾನೆ, ಕುರ್ಚಿ ಬಗ್ಗುವುದಿಲ್ಲ. ಕೊನೆಗೊಮ್ಮೆ ಅವನಿಗೆ ಹೊಳೆಯುತ್ತದೆ: ಕುರ್ಚಿಗೂ ಕೂರುವ ಆಸೆ ಇರಬಹುದು. ತಾನು ಬಾಗಿ ಕುರ್ಚಿಯನ್ನು ತನ್ನ ಮೇಲೆ ಕೂರಿಸಿಕೊಳ್ಳುತ್ತಾನೆ. ಲೇತ್ ಕೆಲಸದ ಅಪ್ಪ ಬಾಗಿಲಲ್ಲೇ ಗಟ್ಟಿಯಾಗಿ ನಗುತ್ತಾರೆ, ಮಗಳು ತಿರುಗಿ ಅವರನ್ನು ನೋಡುತ್ತಾಳೆ. ಲಿಸ್ಟ್, ದ್ಯುಕಾ ಸಂಗೀತ ಮೊದಲೇ ಇತ್ತು, ಚಿತ್ರ ಅದನ್ನು ಹಿಂಬಾಲಿಸಿತು. ಇಲ್ಲಿ ಚಿತ್ರವನ್ನು ನೋಡಿ ರವಿಶಂಕರ್ ಸಂಗೀತ ಕೊಟ್ಟರು. ಆದರೂ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲಾಗದಷ್ಟು ಎರಡೂ ಬೆರೆತಿವೆ.

ಅದರ ಬೆನ್ನಿಗೇ 'ಬೀಡ್ ಗೇಮ್', 1977. ಗುಜರಾತಿನಲ್ಲಿ ಹುಟ್ಟಿ ಕೆನಡಾದಲ್ಲಿ ಕೆಲಸ ಮಾಡಿದ ಇಶು ಪಟೇಲ್ ಸಾವಿರಾರು ಮಣಿಗಳನ್ನು ಕೈಯಲ್ಲಿ ಸರಿಸಿ ಸರಿಸಿ ಮಾಡಿದ ಚಿತ್ರ. ಜೆ.ಪಿ. ಘೋಷ್ ಅವರ ತಾಳವಾದ್ಯ. ಮಣಿಗಳು ಕೂಡಿ ಜೀವಿಯಾಗುತ್ತವೆ, ಒಂದನ್ನೊಂದು ನುಂಗುತ್ತವೆ, ಪ್ರಾಣಿಯಾಗಿ, ಮನುಷ್ಯರಾಗಿ, ಯುದ್ಧವಾಗಿ, ಬಾಂಬಾಗಿ ಬೆಳೆಯುತ್ತವೆ. ಆರು ನಿಮಿಷವೂ ಇಲ್ಲ. ಒಂದೇ ಒಂದು ಮಗುವೂ ಮಿಸುಕಲಿಲ್ಲ. ಇದು ಅವರ ಭಾಷೆ, ಚರ್ಮವಾದ್ಯದ ಭಾಷೆ.

ದೀಪ ಹಾಕಿದ ಮೇಲೆ ಮೇಷ್ಟ್ರು ನೇರ ಪ್ರಶ್ನೆಗೆ ಇಳಿಯುತ್ತಾರೆ. "ಕೆನಡಾದಲ್ಲಿ ಕೂತು ಮಾಡಿದ್ರು. ನೀನು ಇಲ್ಲೇ ಕೂತು ಯಾಕೆ ಮಾಡ್ಬಾರ್ದು? ಮೃದಂಗದ ಒಂದು ತನಿ ಆವರ್ತನ ಬರಿ, ನೋಡೋಣ."

ಅವಳು ಚಾಪೆಯ ಮೇಲೆ ಕೂತು ಮಗುವೊಂದರ ಲೆಕ್ಕದ ಪುಸ್ತಕದ ಹಿಂಬದಿ ತಿರುಗಿಸುತ್ತಾಳೆ. "ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು ಸರ್. ಒಂದಕ್ಷರಕ್ಕೆ ಹನ್ನೆರಡು ಅಂತ ಇಟ್ಕೊಂಡ್ರೆ ಸೆಕೆಂಡಿಗೆ ಎರಡಕ್ಷರ. ನಾಲ್ಕರ ಚತುರಶ್ರ ಬಂದ್ರೆ ಮಾತ್ರೆಗೆ ಮೂರು ಫ್ರೇಮು, ಮೂರರ ತಿಸ್ರ ಬಂದ್ರೆ ನಾಲ್ಕು. ಇಲ್ಲೀತನಕ ತೊಂದ್ರೆ ಇಲ್ಲ. ಐದರ ಖಂಡ ಬಂದ ತಕ್ಷಣ ಕೈ ಕೊಡುತ್ತೆ. ಹನ್ನೆರಡನ್ನ ಐದು ಭಾಗ ಮಾಡಿ, ಎರಡು ಉಳಿಯುತ್ತೆ. ಅರ್ಧ ಫ್ರೇಮ್ ಅನ್ನೋದು ಇಲ್ಲ ಸರ್."

"ಹದಿನೈದು ಇಟ್ಕೊ."

"ಖಂಡ ಕೂರುತ್ತೆ, ತಿಸ್ರಾನೂ ಕೂರುತ್ತೆ. ಚತುರಶ್ರ ಕೆಡುತ್ತೆ."

ಮೇಷ್ಟ್ರು ಗದ್ದಕ್ಕೆ ಕೈ ಇಡುತ್ತಾರೆ. ಮಕ್ಕಳು ಬೆರಳೆಣಿಸುತ್ತಾರೆ. ಬಾಗಿಲಿನಿಂದ ಮಾತು ಬರುತ್ತದೆ.

"ಅರವತ್ತು ಹಾಕಿ ಸಾರ್."

ಎಲ್ಲರೂ ತಿರುಗುತ್ತಾರೆ. ಅಪ್ಪನಿಗೆ ಸಂಕೋಚ. "ಲೇತಲ್ಲಿ ಥ್ರೆಡ್ ಕಡಿಯುವಾಗ ಗೇರ್ ಬದಲಾಯಿಸ್ತೀವಲ್ಲ, ಅದೇ ಲೆಕ್ಕ. ಅರವತ್ತು ಹಲ್ಲಿಂದು ಮೂರಕ್ಕೂ ಹೋಗುತ್ತೆ, ನಾಕಕ್ಕೂ ಹೋಗುತ್ತೆ, ಐದಕ್ಕೂ ಹೋಗುತ್ತೆ."

"ಮಿಶ್ರ ಬಂದ್ರೆ? ಏಳು?"

"ಏಳಕ್ಕೆ ಬೇರೆ ಗೇರೇ ಬೇಕು ಸಾರ್."

ಮೇಷ್ಟ್ರು ಎದ್ದು ಹೋಗಿ ಅವರ ಕೈ ಹಿಡಿದು ಒಳಗೆ ಕರೆತಂದು ಚಾಪೆಯ ಮೇಲೆ ಕೂರಿಸುತ್ತಾರೆ. ಅಕ್ಷರಕ್ಕೆ ಅರವತ್ತು ಎಂದರೆ ಎರಡೂವರೆ ಸೆಕೆಂಡ್, ಅಚ್ಚುಕಟ್ಟಾದ ವಿಳಂಬ. ಚತುರಶ್ರಕ್ಕೆ ಹದಿನೈದು, ತಿಸ್ರಕ್ಕೆ ಇಪ್ಪತ್ತು, ಖಂಡಕ್ಕೆ ಹನ್ನೆರಡು. ಆದಿತಾಳದ ಒಂದು ಆವರ್ತಕ್ಕೆ 480 ಫ್ರೇಮು, 20 ಸೆಕೆಂಡು.

"ತಾಳಕ್ಕಾಯ್ತು," ಅನ್ನುತ್ತಾರೆ ಅಜ್ಜಿ. "ರಾಗಕ್ಕೇನ್ಮಾಡ್ತೀಯೆ?"

ಆಗ ಅವಳು ಇದುವರೆಗೆ ಯಾರಿಗೂ ತೋರಿಸದ ಒಂದು ತುಣುಕು ತೆರೆಯುತ್ತಾಳೆ. ಅವಳಮ್ಮ ಅಡುಗೆಮನೆಯಲ್ಲಿ ಹಾಡಿಕೊಂಡ ತೋಡಿ ಆಲಾಪನೆಯನ್ನು ಫೋನಿನಲ್ಲಿ ಹಿಡಿದು ಅದಕ್ಕೆ ಪೆನ್ಸಿಲಿನಲ್ಲಿ ಬರೆದದ್ದು. ಗೋಡೆಯ ಮೇಲೆ ಒಂದೇ ಒಂದು ಗೆರೆ. ಸ್ಟುಡಿಯೋದಲ್ಲಿ ಅವಳ ಕೆಲಸ ಇನ್‌ಬಿಟ್ವೀನ್ ಬರೆಯುವುದು. ಹಿರಿಯ ಕಲಾವಿದರು ಕೈ ಎತ್ತಿದ ಚಿತ್ರ, ಕೈ ಇಳಿಸಿದ ಚಿತ್ರ, ಹೀಗೆ ಮುಖ್ಯವಾದವನ್ನು ಬರೆದು ಕೊಡುತ್ತಾರೆ. ನಡುವಿನವನ್ನು ಇವಳು ತುಂಬುತ್ತಾಳೆ. ತೋಡಿಗೂ ಮೊದಲು ಅದನ್ನೇ ಮಾಡಿದಳಂತೆ. ಸ್ವರಕ್ಕೊಂದು ಮುಖ್ಯ ಚಿತ್ರ, ನಡುವೆ ತುಂಬುವಿಕೆ. ಗೆರೆ ಮೆಟ್ಟಿಲು ಹತ್ತಿತು, ತೋಡಿ ಸತ್ತುಹೋಯಿತು. "ಗಾಂಧಾರಕ್ಕೆ ಮುಖ್ಯ ಚಿತ್ರಾನೇ ಇಲ್ಲ ಸರ್. ಅದು ಎಲ್ಲೂ ನಿಲ್ಲೋದೇ ಇಲ್ಲ. ಬರೀ ಇನ್‌ಬಿಟ್ವೀನು."

ಇಡೀ ಸಂಜೆ ಹುಡುಕುತ್ತಿದ್ದದ್ದು ನನಗೆ ಸಿಕ್ಕಿದ್ದು ಈ ಮಾತಿನಲ್ಲಿ. ಪಿಯಾನೋದಲ್ಲಿ ಕೀಲಿ ಒತ್ತಿದರೆ ಸ್ವರ ಹುಟ್ಟುತ್ತದೆ, ಟಾಮ್‌ನ ಬೆರಳು ಅಲ್ಲಿ ಬೀಳಬೇಕು, ಬೀಳುತ್ತದೆ. ನಮ್ಮ ಸ್ವರದ ಜೀವ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ, ಅಂದರೆ ಗಮಕದಲ್ಲಿದೆ. ಮೆಕ್‌ಲಾರನ್ ತಿರುಗಿ ತಿರುಗಿ ಹೇಳುತ್ತಿದ್ದದ್ದೂ ಇದನ್ನೇ: ಅನಿಮೇಷನ್ನಿನಲ್ಲಿ ಫ್ರೇಮಿನ ಮೇಲೆ ಇರುವುದಕ್ಕಿಂತ ಎರಡು ಫ್ರೇಮುಗಳ ನಡುವೆ ಆಗುವುದು ದೊಡ್ಡದು. ಹಾಗಿದ್ದ ಮೇಲೆ ಈ ಕಲೆಗೆ ಗಮಕಕ್ಕಿಂತ ಹತ್ತಿರದ ನೆಂಟ ಯಾರಿದ್ದಾರೆ? ಬೇರೆ ದೇಶದ ಟಿವಿ ಸರಣಿಗಳಿಗೆ ಈ ಊರಿನ ಕೈಗಳು ಲೆಕ್ಕವಿಲ್ಲದಷ್ಟು ನಡುಚಿತ್ರಗಳನ್ನು ಬರೆದಿವೆ. ಅನಿಮೇಷನ್ ಉದ್ಯಮಕ್ಕಾಗಿ ಕರ್ನಾಟಕ 2012ರಲ್ಲೇ ನೀತಿ ರೂಪಿಸಿತು. ಬೆಂಗಳೂರಿನ ರವಿಶಂಕರ್ ವಿ. ಜನರಿಂದ ಹಣ ಕೂಡಿಸಿ, ನಮ್ಮ ಗೋವಿನ ಹಾಡಿನ ಕಥೆಯನ್ನು ಇಳಯರಾಜ ಸಂಗೀತದೊಂದಿಗೆ ಸಂಸ್ಕೃತದ 'ಪುಣ್ಯಕೋಟಿ' ಮಾಡಿ 2020ರಲ್ಲಿ ಹೊರತಂದರು. ಕೈಯಿದೆ, ಕಿವಿಯಿದೆ. ಒಂದು ಪೂರ್ತಿ ಆಲಾಪನೆಯನ್ನು ಗೋಡೆಯ ಮೇಲೆ ನೋಡಬೇಕೆಂಬ ಹಟ ನಮಗೆ ಬರಬೇಕು.

ಗೆರೆ ಚಲಿಸುತ್ತಿದೆ. ಅದರ ತುದಿ ರಿಷಭದ ಕಡೆಗೂ ಮಧ್ಯಮದ ಕಡೆಗೂ ಓಲಾಡುತ್ತದೆ, ಒಂದು ಓಲಾಟ ಇನ್ನೊಂದರಷ್ಟು ಅಗಲವಿಲ್ಲ. ಒಂದು ಕಡೆ ಪೆನ್ಸಿಲ್ ಒತ್ತಿ ದಪ್ಪಗಾಗಿದೆ, ಮುಂದೆ ಎಳೆಯಷ್ಟು ತೆಳು. ಮೇಷ್ಟ್ರು ಸದ್ದು ಆರಿಸಲು ಹೇಳುತ್ತಾರೆ. ಗೆರೆ ಏರಿ ಅಲುಗಾಡದೆ ನಿಂತ ಕಡೆ ಮಕ್ಕಳು ಕೂಗುತ್ತಾರೆ: "ಪಂಚಮ!"

"ಶುರು ಮಾಡೋಣ," ಎಂದು ಮೇಷ್ಟ್ರು ಮೃದಂಗದ ಗವಸು ಬಿಚ್ಚುತ್ತಾರೆ. ಮೊದಲು ಒಂದಕ್ಷರ ಖಂಡ, ಅರವತ್ತು ಹಾಳೆ. ಅಕ್ಕ ಹಾಳೆಗಳಿಗೆ ಅಂಕಿ ಹಾಕುತ್ತಾಳೆ. ಪೆಟ್ಟು ಬೀಳುವುದು 1, 13, 25, 37, 49ರಲ್ಲಿ. ಒಂದನೇ ಹಾಳೆ ಸಮ, ಅದಕ್ಕೆ ಎಲ್ಲರೂ ಮುಗಿಬಿದ್ದು ಜಗಳ. ಲೇತ್ ಅಪ್ಪನ ಮಗಳ ಪಾಲಿಗೆ 2ರಿಂದ 12 ಬಂದಿದೆ. ಪೆನ್ಸಿಲ್ ಕಚ್ಚುತ್ತ ಮೇಷ್ಟ್ರ ಬಲಗೈಯನ್ನೇ ನೋಡುತ್ತಾಳೆ.

"ಸಾರ್, ಇನ್ನೊಂದ್ಸಲ ಹೊಡೀರಿ. ನಿಧಾನಕ್ಕೆ. ಕೈ ಮೇಲೆ ಬಂದಾಗ ಅಲ್ಲೇ ನಿಲ್ಸಿ, ನಾನು ಆರನೇದು ಬರ್ಕೋಬೇಕು."